ಅಂಟೆಂಬ ಹೆಸರು: ಗ್ಲಿಯಾ ಕೋಶಗಳು ಮತ್ತು ಅನ್ವರ್ಥನಾಮದ ಹೊಣೆ

ಕನ್ನಡ ವ್ಯಾಕರಣವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ನಾಮಪದದ ಮೂರು ಭೇದಗಳನ್ನು ಬಲ್ಲರು. ನದಿ, ಮರ, ಮನುಷ್ಯ ಎಂಬಂತೆ ರೂಢಿಯಿಂದ ಬಂದವು ರೂಢನಾಮಗಳು. ವ್ಯವಹಾರದ ಅನುಕೂಲಕ್ಕೆಂದು ಒಬ್ಬ ವ್ಯಕ್ತಿಗೆ ಅಥವಾ ಒಂದು ಸ್ಥಳಕ್ಕೆ ಇಟ್ಟವು ಅಂಕಿತನಾಮಗಳು. ಗುಣವನ್ನೋ ವೃತ್ತಿಯನ್ನೋ ಆಕಾರವನ್ನೋ ಅನುಸರಿಸಿ ಬಂದವು ಅನ್ವರ್ಥನಾಮಗಳು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಪ್ರತಿಯೊಂದಕ್ಕೂ ಎರಡೆರಡು ಉದಾಹರಣೆ ಬರೆದರೆ ಪೂರ್ಣ ಅಂಕ ದೊರೆಯುತ್ತದೆ. ಆದರೆ ಒಂದು ಪ್ರಶ್ನೆಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಅರ್ಥವನ್ನು ಅನುಸರಿಸಿ ಇಟ್ಟ ಹೆಸರಿನ ಆ ಅರ್ಥವೇ ತಪ್ಪಾಗಿದ್ದರೆ ಏನಾಗುತ್ತದೆ?

ಈ ಪ್ರಶ್ನೆಗೆ ಉತ್ತರವನ್ನು ಕಾವ್ಯದಲ್ಲಿ ಹುಡುಕುವುದಕ್ಕಿಂತ ವಿಜ್ಞಾನದ ಚರಿತ್ರೆಯಲ್ಲಿ ಹುಡುಕುವುದು ಸುಲಭ. ಅದರಲ್ಲಿಯೂ ಮನುಷ್ಯನ ಮೆದುಳಿನೊಳಗಿರುವ ಒಂದು ಕೋಶಸಮುದಾಯದ ಚರಿತ್ರೆ ಭಾಷಾಭ್ಯಾಸಿಗಳಿಗೆ ನೇರವಾಗಿ ಸಂಬಂಧಿಸಿದೆ. ಆ ಕೋಶಗಳ ಹೆಸರು ಗ್ಲಿಯಾ. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಅಂಟು ಎಂದರ್ಥ.

ಜರ್ಮನಿಯ ವೈದ್ಯ ವಿಜ್ಞಾನಿ ರುಡಾಲ್ಫ್ ವಿರ್ಖೋ 1856ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ನರಕೋಶಗಳ ನಡುವೆ ತುಂಬಿಕೊಂಡಿದ್ದ ಮೃದುವಾದ ವಸ್ತುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಅವನಿಗೆ ಅದು ಇಟ್ಟಿಗೆಗಳನ್ನು ಹಿಡಿದಿಡುವ ಗಾರೆಯಂತೆ ತೋರಿತು. ತನ್ನ ಭಾಷೆಯಲ್ಲಿ ಅದನ್ನು 'ನರಗಳ ಗಾರೆ' ಎಂಬರ್ಥದ ಶಬ್ದದಿಂದ ಕರೆದು, ಶಾಸ್ತ್ರೀಯ ಬಳಕೆಗೆ ಗ್ರೀಕಿನ ಹೆಸರನ್ನು ಆರಿಸಿಕೊಂಡನು. ಅಂದಿನ ಸಾಧನಗಳ ಮಿತಿಯಲ್ಲಿ ಇದು ಅಪಹಾಸ್ಯಕ್ಕೆ ಯೋಗ್ಯವಾದ ಕಲ್ಪನೆಯೇನೂ ಆಗಿರಲಿಲ್ಲ. ಮೆದುಳಿನ ಅನೇಕ ವ್ಯಾಧಿಗಳು ಈ ನಡುವಣ ವಸ್ತುವಿನಲ್ಲಿಯೇ ನೆಲೆಗೊಳ್ಳುತ್ತವೆ ಎಂಬುದನ್ನೂ ಅವನು ಗಮನಿಸಿದ್ದನು. ಆದರೆ ಮುಂದಿನ ಪೀಳಿಗೆಗಳು ಅವನ ಗಮನಿಕೆಯನ್ನು ಮರೆತು ಅವನು ಇಟ್ಟ ಹೆಸರನ್ನು ಮಾತ್ರ ಉಳಿಸಿಕೊಂಡವು. ಅಂಟಿಗೆ ಅಂಟಿಸುವುದನ್ನು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಆದುದರಿಂದ ಅದರ ಕೆಲಸವೇನೆಂದು ಕೇಳುವವರೂ ಬಹುಕಾಲ ವಿರಳರಾಗಿದ್ದರು.

ಎಲ್ಲ ದೋಷವನ್ನೂ ಹೆಸರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಮೆದುಳಿನ ಅಧ್ಯಯನಕ್ಕೆ ಮುಖ್ಯ ಸಾಧನವಾಗಿದ್ದುದು ವಿದ್ಯುತ್ತಿನ ಮಾಪನ. ನರಕೋಶಗಳು ವಿದ್ಯುತ್ ಸ್ಪಂದನಗಳನ್ನು ಹೊಮ್ಮಿಸುತ್ತವೆ. ಗ್ಲಿಯಾ ಕೋಶಗಳು ಅಂತಹ ಸ್ಪಂದನಗಳನ್ನು ಹೊಮ್ಮಿಸುವುದಿಲ್ಲ. ಸೂಜಿಯಂತಹ ತಂತಿಯನ್ನು ಚುಚ್ಚಿ ಆಲಿಸಿದ ಸಂಶೋಧಕರಿಗೆ ನರಕೋಶ ಮಾತನಾಡಿತು, ಗ್ಲಿಯಾ ಮೌನವಾಗಿತ್ತು. ಆ ಮೌನವನ್ನು ಜಡತ್ವವೆಂದು ತಿಳಿಯಲು ಹೆಸರು ಮೊದಲೇ ಸಿದ್ಧವಾಗಿತ್ತು. ಸಾಧನದ ಕುರುಡು ಮತ್ತು ಶಬ್ದದ ಕುರುಡು ಒಂದಕ್ಕೊಂದು ಸಾಕ್ಷಿಯಾಗಿ ನಿಂತವು. ಗ್ಲಿಯಾ ನರಕೋಶದ ಚಟುವಟಿಕೆಗೆ ಸ್ಪಂದಿಸುತ್ತದೆ ಎಂಬುದನ್ನು 1966ರಲ್ಲಿ ಸ್ಟೀಫನ್ ಕಫ್ಲರ್ ಮತ್ತು ಅವನ ಸಂಗಡಿಗರು ತೋರಿಸಿದರು. ನರಕೋಶ ಕೆಲಸ ಮಾಡಿದಾಗ ಹೊರಸೂಸುವ ಪೊಟ್ಯಾಸಿಯಮ್ಮಿನಿಂದ ಪಕ್ಕದ ಗ್ಲಿಯಾ ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತಿತ್ತು. ಹೆಸರಿಟ್ಟು ಆಗಲೇ ಒಂದು ನೂರು ಹತ್ತು ವರ್ಷಗಳು ಕಳೆದಿದ್ದವು.

ಈ ಚರಿತ್ರೆಯಲ್ಲಿ ಸ್ಪೇನ್ ದೇಶದ ಅಧ್ಯಾಯವೊಂದಿದೆ. ಸೀಮೆಯ ಆಚೆಯ ಕನ್ನಡಿಗರು ಅದನ್ನು ವಿಶೇಷವಾಗಿ ಗಮನಿಸಬೇಕು. ಕೋಶಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ವಿಧಾನವನ್ನು ಇಟಲಿಯ ಕಮಿಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದನು. ಅದನ್ನು ಸುಧಾರಿಸಿ ನರಮಂಡಲದ ರಚನೆಯನ್ನು ಬಿಡಿಸಿಟ್ಟವನು ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್. ಇಬ್ಬರಿಗೂ 1906ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಕಹಾಲನ ಕಣ್ಣಿಗೆ ನಕ್ಷತ್ರಾಕಾರದ ಗ್ಲಿಯಾ ಕೋಶಗಳು ಸ್ಪಷ್ಟವಾಗಿ ಕಂಡವು. ಆದರೆ ಅವುಗಳ ಹೊರತಾಗಿ ಉಳಿದ ಕೆಲವು ಸಣ್ಣ ಕೋಶಗಳು ಅವನ ಬಣ್ಣಕ್ಕೆ ಸರಿಯಾಗಿ ಒಲಿಯಲಿಲ್ಲ. ಅವನ್ನು ಅವನು 'ಮೂರನೆಯ ಘಟಕ' ಎಂದು ಕರೆದು ಬಿಟ್ಟನು. ಅವನ ಬಳಗದಲ್ಲಿಯೇ ದುಡಿಯುತ್ತಿದ್ದ ಪೀಯೊ ದೆಲ್ ರೀಯೊ ಒರ್ತೆಗಾ ಹೊಸ ಬಣ್ಣವೊಂದನ್ನು ಕಂಡುಹಿಡಿದು, ಆ ಮೂರನೆಯ ಘಟಕದೊಳಗೆ ಎರಡು ಬೇರೆ ಬೇರೆ ಜಾತಿಯ ಕೋಶಗಳಿವೆ ಎಂದು ತೋರಿಸಿದನು. 1919ರಲ್ಲಿ ಒಂದಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟನು. 1921ರಲ್ಲಿ ಮತ್ತೊಂದನ್ನು ಆಲಿಗೊಡೆಂಡ್ರೋಗ್ಲಿಯಾ ಎಂದು ಕರೆದನು. ಗುರುವಿಗೆ ಅದು ಸುಲಭವಾಗಿ ಒಪ್ಪಿತವಾಗಲಿಲ್ಲ. ಇಬ್ಬರ ನಡುವೆ ಮನಸ್ತಾಪ ಬೆಳೆದು ಒರ್ತೆಗಾ ಆ ಪ್ರಯೋಗಶಾಲೆಯನ್ನು ಬಿಡಬೇಕಾಯಿತು.

ಒರ್ತೆಗಾ ತನ್ನ ಶೋಧವನ್ನು ಸ್ಪ್ಯಾನಿಷ್ ಭಾಷೆಯಲ್ಲಿ, ಸ್ಪೇನಿನ ಪತ್ರಿಕೆಗಳಲ್ಲಿ ಬರೆದನು. ವಿಜ್ಞಾನದ ರಾಜಮಾರ್ಗ ಆಗ ಜರ್ಮನ್, ಫ್ರೆಂಚ್ ಮತ್ತು ಇಂಗ್ಲಿಷುಗಳಲ್ಲಿ ಸಾಗುತ್ತಿತ್ತು. 1924ರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಯುವ ಶಸ್ತ್ರವೈದ್ಯ ಮ್ಯಾಡ್ರಿಡ್‌ಗೆ ಬಂದು ಒರ್ತೆಗಾನ ಬಳಿ ಬಣ್ಣ ಕಟ್ಟುವ ವಿಧಾನವನ್ನು ಕಲಿತು, ಅದನ್ನು ಇಂಗ್ಲಿಷಿನಲ್ಲಿ ಬರೆದ ಬಳಿಕ ಅದರ ಖ್ಯಾತಿ ಹೊರಗೆ ಹರಡಿತು. ಆಳುವ ಭಾಷೆಯ ಅಂಚಿನಲ್ಲಿ ನಿಂತು ಬರೆದವನ ಸತ್ಯಕ್ಕೂ ದುಭಾಷಿ ಬೇಕಾಯಿತು. ಎರಡು ಭಾಷೆಗಳ ನಡುವೆ ಬದುಕುವವನು ಜ್ಞಾನಕ್ಕೆ ಮಾಡಬಹುದಾದ ಸೇವೆ ಯಾವುದೆಂಬುದಕ್ಕೆ ಪೆನ್‌ಫೀಲ್ಡನ ಆ ಪ್ರಯಾಣವೊಂದು ಉತ್ತಮ ನಿದರ್ಶನ.

ಹಾಗಾದರೆ ಅಂಟೆನಿಸಿಕೊಂಡ ಈ ಕೋಶಗಳು ಮಾಡುವುದೇನು? ಮುಖ್ಯವಾದ ನಾಲ್ಕು ಬಗೆಗಳನ್ನು ಹೇಳಿದರೆ ಸಾಕು. ಮೊದಲನೆಯದು ನಕ್ಷತ್ರಾಕಾರದ ಆಸ್ಟ್ರೋಸೈಟ್. ಅದರ ಒಂದು ಕೈ ರಕ್ತನಾಳವನ್ನು ಹಿಡಿದಿದ್ದರೆ ಉಳಿದ ಕೈಗಳು ನರಕೋಶಗಳು ಪರಸ್ಪರ ಸಂಧಿಸುವ ಸಿನಾಪ್ಸ್‌ಗಳನ್ನು ಸುತ್ತುವರಿದಿರುತ್ತವೆ. ಮನುಷ್ಯನ ಮೆದುಳಿನ ಹೊರಪದರದಲ್ಲಿ ಒಂದೇ ಆಸ್ಟ್ರೋಸೈಟ್ 2.7 ಲಕ್ಷದಿಂದ 20 ಲಕ್ಷದವರೆಗೆ ಸಿನಾಪ್ಸ್‌ಗಳನ್ನು ಆವರಿಸಬಲ್ಲದೆಂದು ಅಂದಾಜಿದೆ. ಒಂದು ನರಕೋಶ ಮತ್ತೊಂದಕ್ಕೆ ಸುದ್ದಿ ಮುಟ್ಟಿಸಲು ಸುರಿಸಿದ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಅದು ಹೀರಿಕೊಂಡು ಅಂಗಳವನ್ನು ಸ್ವಚ್ಛವಾಗಿಡುತ್ತದೆ. ಆ ಕೆಲಸ ನಿಂತರೆ ಅದೇ ಗ್ಲುಟಮೇಟ್ ನರಕೋಶಕ್ಕೆ ವಿಷವಾಗುತ್ತದೆ. 1990ರಲ್ಲಿ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳ ಮೇಲೆ ಗ್ಲುಟಮೇಟ್ ಹಾಕಿದಾಗ, ಕ್ಯಾಲ್ಸಿಯಮ್ಮಿನ ಅಲೆಗಳು ಕೋಶದಿಂದ ಕೋಶಕ್ಕೆ ಸಾಗುವುದು ಕಾಣಿಸಿತು. ವಿದ್ಯುತ್ತಿನ ಭಾಷೆಯಲ್ಲಿ ಮೂಕವಾಗಿದ್ದ ಕೋಶ ರಾಸಾಯನಿಕದ ಭಾಷೆಯಲ್ಲಿ ಮಾತನಾಡುತ್ತಲೇ ಇತ್ತು. ಕೇಳುವ ಕಿವಿ ಮಾತ್ರ ತಡವಾಗಿ ಬಂದಿತು. 1997ರಲ್ಲಿ ಬೆನ್ ಬ್ಯಾರೆಸ್ ಮತ್ತು ಫ್ರಾಂಕ್ ಫ್ರೀಗರ್ ನರಕೋಶಗಳನ್ನು ಗ್ಲಿಯಾದ ಸಂಗವಿಲ್ಲದೆ ಬೆಳೆಸಿದರು. ಕೋಶಗಳು ಬದುಕಿದವು, ಆದರೆ ಅವುಗಳ ನಡುವಣ ಸಂಪರ್ಕ ತೀರ ದುರ್ಬಲವಾಗಿತ್ತು.

ಎರಡನೆಯದು ಆಲಿಗೊಡೆಂಡ್ರೋಸೈಟ್. ನರಕೋಶದ ಉದ್ದನೆಯ ತಂತುವಿಗೆ ಸುತ್ತುಸುತ್ತಾಗಿ ಮೈಲಿನ್ ಎಂಬ ಕೊಬ್ಬಿನ ಪೊರೆಯನ್ನು ಹೊದಿಸುವುದು ಇದರ ಕೆಲಸ. ಪೊರೆಯಿಲ್ಲದ ತಂತುವಿನಲ್ಲಿ ಸ್ಪಂದನವು ಸೆಕೆಂಡಿಗೆ ಸುಮಾರು 1 ಮೀಟರ್ ಸಾಗಿದರೆ, ದಪ್ಪನೆಯ ಪೊರೆಯುಳ್ಳ ತಂತುವಿನಲ್ಲಿ 100 ಮೀಟರಿನಷ್ಟು ಸಾಗಬಲ್ಲದು. ಮೂರನೆಯದಾದ ಶ್ವಾನ್ ಕೋಶವು ಇದೇ ಕೆಲಸವನ್ನು ಮೆದುಳು ಮತ್ತು ಬೆನ್ನುಹುರಿಯ ಹೊರಗೆ, ಕೈಕಾಲುಗಳ ನರಗಳಲ್ಲಿ ಮಾಡುತ್ತದೆ. ಥಿಯೊಡೋರ್ ಶ್ವಾನ್ ಎಂಬ ವಿಜ್ಞಾನಿಯ ಅಂಕಿತನಾಮದಿಂದ ಬಂದ ಈ ಹೆಸರು ಕೋಶದ ಗುಣದ ಬಗೆಗೆ ಏನನ್ನೂ ಹೇಳುವುದಿಲ್ಲ. ಆದಕಾರಣ ಯಾರನ್ನೂ ದಾರಿ ತಪ್ಪಿಸಿಲ್ಲ.

ನಾಲ್ಕನೆಯದು ಮೈಕ್ರೋಗ್ಲಿಯಾ. ಉಳಿದ ಮೂರರಂತೆ ಇದು ನರಕೋಶಗಳ ಮೂಲದಿಂದ ಹುಟ್ಟಿದುದಲ್ಲ. ಭ್ರೂಣದ ಆರಂಭದ ದಿನಗಳಲ್ಲಿ, ಭ್ರೂಣಕ್ಕೆ ಹೊಂದಿಕೊಂಡಿರುವ ಯೋಕ್ ಚೀಲದಿಂದ ಹೊರಟು ಮೆದುಳಿಗೆ ಬಂದು ಅಲ್ಲಿಯೇ ನೆಲೆನಿಂತ ರಕ್ಷಕ ಕೋಶ ಇದು. 2010ರಲ್ಲಿ ಇಲಿಗಳ ಮೇಲಿನ ಅಧ್ಯಯನದಿಂದ ಈ ಮೂಲ ಖಚಿತವಾಯಿತು. ಹೊರಗಿನಿಂದ ಬಂದು ಮನೆಯವರೇ ಆದ ಈ ಕೋಶಗಳು ಸತ್ತ ಕೋಶಗಳ ಅವಶೇಷವನ್ನು ತೆಗೆಯುತ್ತವೆ, ರೋಗಾಣುಗಳನ್ನು ಎದುರಿಸುತ್ತವೆ, ಬೆಳೆಯುವ ಮೆದುಳಿನಲ್ಲಿ ಅನಗತ್ಯವಾದ ಸಿನಾಪ್ಸ್‌ಗಳನ್ನು ಕತ್ತರಿಸುತ್ತವೆ.

ಮೈಕ್ರೋಗ್ಲಿಯಾದ ವಿಷಯದಲ್ಲಿಯೂ ಒಂದು ವಿಶೇಷಣ ಬಹುಕಾಲ ಕಣ್ಣು ಕಟ್ಟಿತ್ತು. ಗಾಯವೋ ಸೋಂಕೋ ಇಲ್ಲದಾಗ ಅವುಗಳನ್ನು 'ವಿಶ್ರಾಂತ ಮೈಕ್ರೋಗ್ಲಿಯಾ' ಎಂದು ಕರೆಯುವ ರೂಢಿಯಿತ್ತು. ಸತ್ತ ಅಂಗಾಂಶವನ್ನು ಗಾಜಿನ ಮೇಲೆ ನೋಡುವವರಿಗೆ ಅವು ನಿಶ್ಚಲವಾಗಿಯೇ ಕಾಣುತ್ತಿದ್ದವು. 2005ರಲ್ಲಿ ಎರಡು ತಂಡಗಳು ಬದುಕಿದ ಇಲಿಯ ಮೆದುಳನ್ನು ವಿಶೇಷ ಸೂಕ್ಷ್ಮದರ್ಶಕದಿಂದ ನೋಡಿದಾಗ, ವಿಶ್ರಾಂತಿಯಲ್ಲಿವೆ ಎನ್ನಲಾದ ಆ ಕೋಶಗಳು ತಮ್ಮ ಕವಲುಗಳನ್ನು ನಿರಂತರವಾಗಿ ಚಾಚುತ್ತ ಹಿಂತೆಗೆಯುತ್ತ ಸುತ್ತಲಿನ ಪ್ರದೇಶವನ್ನು ಕಾವಲು ಕಾಯುತ್ತಿದ್ದುದು ಕಂಡುಬಂದಿತು. ನಿದ್ರಿಸುತ್ತಿದೆ ಎಂದು ಹೆಸರಾದುದು ಮೆದುಳಿನಲ್ಲಿ ಅತ್ಯಂತ ಚುರುಕಾಗಿ ಚಲಿಸುವ ಕೋಶಗಳಲ್ಲಿ ಒಂದಾಗಿತ್ತು.

ಹೆಸರಿನ ತಪ್ಪು ಪ್ರಯೋಗಶಾಲೆಯೊಳಗೆ ಮಾತ್ರ ಉಳಿದಿದ್ದರೆ ಅದು ವಿದ್ವಾಂಸರ ಚರ್ಚೆಯಾಗಿ ಮುಗಿಯುತ್ತಿತ್ತು. ರೋಗದ ವಿಷಯಕ್ಕೆ ಬಂದಾಗ ಅದರ ಬೆಲೆಯನ್ನು ರೋಗಿಗಳು ತೆರಬೇಕಾಗುತ್ತದೆ. ಅಲೋಯಿಸ್ ಆಲ್ಜೈಮರ್ 1906ರಲ್ಲಿ ಮಂಡಿಸಿ 1907ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೆನಪು ಅಳಿದ ರೋಗಿಯ ಮೆದುಳಿನಲ್ಲಿ ಗ್ಲಿಯಾದ ಬದಲಾವಣೆಗಳನ್ನೂ ಗುರುತಿಸಿದ್ದನು. ಮುಂದಿನ ದಶಕಗಳಲ್ಲಿ ಸಂಶೋಧನೆಯ ಗಮನವೆಲ್ಲ ಆ ವರದಿಯ ಉಳಿದ ಅಂಶಗಳ ಮೇಲೆ, ಎಂದರೆ ಕೋಶಗಳ ಹೊರಗಿನ ಗಟ್ಟಿ ಸಂಚಯಗಳು ಮತ್ತು ನರಕೋಶದೊಳಗಿನ ತೊಡಕುಗಳ ಮೇಲೆ, ನೆಲೆಗೊಂಡಿತು. 2013ರಲ್ಲಿ ಟ್ರೆಮ್-2 ಎಂಬ ಜೀನಿನ ಅಪರೂಪದ ಒಂದು ಬದಲಾವಣೆ ಆಲ್ಜೈಮರ್ ರೋಗದ ಸಂಭವವನ್ನು ಬಹಳಷ್ಟು ಹೆಚ್ಚಿಸುತ್ತದೆ ಎಂದು ಎರಡು ತಂಡಗಳು ತೋರಿಸಿದವು. ಮೆದುಳಿನಲ್ಲಿ ಆ ಜೀನು ಕೆಲಸ ಮಾಡುವುದು ಮೈಕ್ರೋಗ್ಲಿಯಾದಲ್ಲಿ. ಆಲ್ಜೈಮರನು ಕಂಡಿದ್ದುದಕ್ಕೆ ಶತಮಾನದ ಬಳಿಕ ಮತ್ತೆ ಬಾಗಿಲು ತೆರೆಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಮೈಲಿನ್ ಪೊರೆಯನ್ನು ಹರಿಯುತ್ತದೆ. ಮೆದುಳಿನಲ್ಲಿಯೇ ಹುಟ್ಟುವ ಮಾರಕ ಗಡ್ಡೆಗಳಲ್ಲಿ ಹೆಚ್ಚಿನವು ಗ್ಲಿಯಾದ ಸಂತತಿಗೆ ಸೇರಿದ ಕೋಶಗಳಿಂದ ಬರುತ್ತವೆ; ಅವುಗಳ ಹೆಸರೂ ಗ್ಲಯೋಮಾ ಎಂದೇ.

ಭಾರತಕ್ಕೆ ಅತಿ ಸಮೀಪವಾದ ಉದಾಹರಣೆ ಕುಷ್ಠರೋಗ. ಜಗತ್ತಿನಲ್ಲಿ ವರ್ಷವೊಂದಕ್ಕೆ ಪತ್ತೆಯಾಗುವ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ದೇಶದವು. ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದ ಇದರ ರೋಗಾಣು ಚರ್ಮದ ಜೊತೆಗೆ ಶ್ವಾನ್ ಕೋಶಗಳೊಳಗೂ ಮನೆ ಮಾಡುತ್ತದೆ. ಆ ಕೋಶ ಕೆಟ್ಟು ನರ ಸೋತಾಗ ಸ್ಪರ್ಶಜ್ಞಾನ ಹೋಗುತ್ತದೆ. ಸ್ಪರ್ಶವಿಲ್ಲದ ಕೈ ಕುದಿಯುವ ಪಾತ್ರೆಯನ್ನು ಮುಟ್ಟಿದರೂ ಹಿಂತೆಗೆಯುವುದಿಲ್ಲ. ಸ್ಪರ್ಶವಿಲ್ಲದ ಪಾದಕ್ಕೆ ಮುಳ್ಳು ನೆಟ್ಟರೂ ಅರಿವಾಗುವುದಿಲ್ಲ. ಬೆರಳುಗಳು ಮೊಂಡಾಗುವುದಕ್ಕೆ ದೊಡ್ಡ ಕಾರಣ ಹೀಗೆ ಅರಿವಿಗೆ ಬಾರದೆ ಉಳಿದ ಗಾಯಗಳು. ಇಂದು ಇದು ಹಲವು ಔಷಧಿಗಳ ಸಂಯುಕ್ತ ಚಿಕಿತ್ಸೆಯಿಂದ 6 ಅಥವಾ 12 ತಿಂಗಳಲ್ಲಿ ಗುಣವಾಗುವ ರೋಗ. ಸರಕಾರಿ ದವಾಖಾನೆಗಳಲ್ಲಿ ಔಷಧಿ ಉಚಿತ. ಆದರೆ ರೋಗಿ ಬೇಗ ಬರಬೇಕು.

ಬೇಗ ಬರುವುದಕ್ಕೆ ಅಡ್ಡಿಯಾದವುಗಳಲ್ಲಿ ಹೆಸರೂ ಒಂದು. ಆಯುರ್ವೇದದ ಪ್ರಾಚೀನ ಗ್ರಂಥಗಳಲ್ಲಿ ಕುಷ್ಠವೆಂಬುದು ಹದಿನೆಂಟು ಬಗೆಯ ಚರ್ಮರೋಗಗಳಿಗೆ ಸಾಮಾನ್ಯವಾದ ಹೆಸರು. ಶಬ್ದವು ಚರ್ಮವನ್ನು ತೋರಿಸುತ್ತದೆ, ಕಣ್ಣು ಚರ್ಮದಲ್ಲಿಯೇ ನಿಲ್ಲುತ್ತದೆ. ಒಳಗೆ ಸೋಲುತ್ತಿರುವ ನರದ ಕಡೆಗೆ ಲಕ್ಷ್ಯ ಹೋಗುವುದಿಲ್ಲ. ಇನ್ನೊಂದು ಕಡೆ, ಚರ್ಮದ ಬಣ್ಣ ಮಾತ್ರ ಅಳಿಯುವ, ಯಾರಿಗೂ ಅಂಟದ ತೊನ್ನಿಗೆ ಶ್ವೇತಕುಷ್ಠ, ಬಿಳಿ ಕುಷ್ಠ ಎಂಬ ಹೆಸರುಗಳಿವೆ. ಕುಷ್ಠರೋಗಕ್ಕೂ ತೊನ್ನಿಗೂ ಸಂಬಂಧವಿಲ್ಲ. ಆ ಹೆಸರಿನ ದೆಸೆಯಿಂದ ಎಷ್ಟು ಹೆಣ್ಣುಮಕ್ಕಳ ಮದುವೆಯ ಮಾತುಕತೆ ಮುರಿದಿದೆ, ಎಷ್ಟು ಮನೆಗಳಲ್ಲಿ ಊಟದ ತಟ್ಟೆ ಬೇರೆಯಾಗಿದೆ ಎಂಬುದನ್ನು ಗ್ರಾಮಗಳಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ತಪ್ಪಾದ ಅನ್ವರ್ಥನಾಮವು ಒಂದು ಕಡೆ ರೋಗವನ್ನು ಮರೆಮಾಡಿತು, ಮತ್ತೊಂದು ಕಡೆ ಇಲ್ಲದ ರೋಗವನ್ನು ಅಂಟಿಸಿತು.

ಈ ಕಥನವನ್ನು ಓದಿದವರು ಇನ್ನೊಂದು ಅತಿರೇಕಕ್ಕೆ ಹೋಗುವ ಅಪಾಯವೂ ಇದೆ. ಗ್ಲಿಯಾವನ್ನು ಕಡೆಗಣಿಸಿದ ಕಾಲದ ಬಳಿಕ ಅದನ್ನು ಅತಿಯಾಗಿ ಕೊಂಡಾಡುವ ಕಾಲವೂ ಬಂದಿತು. ನರಕೋಶಕ್ಕಿಂತ ಗ್ಲಿಯಾ ಹತ್ತು ಪಟ್ಟು ಹೆಚ್ಚೆಂದು ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿದವು. ಬ್ರೆಜಿಲ್‌ನ ಸಂಶೋಧಕರು 2009ರಲ್ಲಿ ಹೊಸ ವಿಧಾನದಿಂದ ಎಣಿಸಿದಾಗ, ಮನುಷ್ಯನ ಮೆದುಳಿನಲ್ಲಿ ಸರಾಸರಿ 8,600 ಕೋಟಿ ನರಕೋಶಗಳೂ ಸುಮಾರು 8,500 ಕೋಟಿ ಇತರ ಕೋಶಗಳೂ ದೊರೆತವು. ಎಂದರೆ ಹೆಚ್ಚುಕಡಿಮೆ ಸಮಸಮ. 1985ರಲ್ಲಿ ಮರಿಯನ್ ಡೈಮಂಡ್ ಮತ್ತು ಸಂಗಡಿಗರು ಐನ್‌ಸ್ಟೈನನ ಮೆದುಳಿನ ಒಂದು ಭಾಗದಲ್ಲಿ ನರಕೋಶಗಳ ಲೆಕ್ಕಕ್ಕೆ ಹೋಲಿಸಿದರೆ ಗ್ಲಿಯಾ ಹೆಚ್ಚಾಗಿದೆ ಎಂದು ಬರೆದರು. ಪ್ರತಿಭೆಯ ಗುಟ್ಟು ಸಿಕ್ಕಿತೆಂದು ಜನ ಸಂಭ್ರಮಿಸಿದರು. ಒಂದೇ ಮೆದುಳನ್ನು ಹನ್ನೊಂದು ಮೆದುಳುಗಳಿಗೆ ಹೋಲಿಸಿ ಪ್ರತಿಭೆಯ ಮೂಲವನ್ನು ನಿರ್ಣಯಿಸಲಾಗದು ಎಂಬ ವಿಮರ್ಶೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಅಂಟು ಎಂದುದು ಹೇಗೆ ಸಾಲದೋ, ಪ್ರತಿಭೆಯ ಕೋಶ ಎನ್ನುವುದೂ ಹಾಗೆಯೇ ಸಲ್ಲದು. ನರಕೋಶ ಮತ್ತು ಗ್ಲಿಯಾ ಕೂಡಿ ದುಡಿಯುತ್ತವೆ. ಒಂದನ್ನು ಬಿಟ್ಟು ಮತ್ತೊಂದರಿಂದ ಮೆದುಳನ್ನು ವಿವರಿಸಲಾಗದು ಎಂಬಷ್ಟನ್ನು ಇಂದಿನ ವಿಜ್ಞಾನ ಧೈರ್ಯವಾಗಿ ಹೇಳುತ್ತದೆ.

ಇನ್ನು ಕನ್ನಡದ ಪ್ರಶ್ನೆ. ಗ್ಲಿಯಾವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಪರಿಭಾಷೆಯನ್ನು ಕಟ್ಟುವ ಉತ್ಸಾಹದಲ್ಲಿ 'ಅಂಟುಕೋಶ' ಎಂದು ಅನುವಾದಿಸಲು ಯಾರಾದರೂ ಮುಂದಾಗಬಹುದು. ಮೂಲಕ್ಕೆ ಅದು ನಿಷ್ಠವಾದ ಅನುವಾದವೇ ಸರಿ. ಆದರೆ ಅಂತಹ ನಿಷ್ಠೆ ಇಲ್ಲಿ ಕೂಡದು. ಗ್ರೀಕ್ ಬಾರದ ಇಂದಿನ ವೈದ್ಯನಿಗೆ ಗ್ಲಿಯಾ ಎಂಬ ಶಬ್ದದಲ್ಲಿ ಅಂಟಿನ ವಾಸನೆ ಬಡಿಯುವುದಿಲ್ಲ. ಅಲ್ಲಿ ಹಳೆಯ ರೂಪಕ ಸತ್ತು ಹೆಸರು ಬರಿಯ ರೂಢನಾಮವಾಗಿದೆ. ಅದನ್ನು ಅಂಟುಕೋಶ ಎಂದೊಡನೆ ಸತ್ತ ರೂಪಕ ಕನ್ನಡದಲ್ಲಿ ಮತ್ತೆ ಜೀವ ತಳೆದು, 1856ರ ತಪ್ಪು ಹೊಸದಾಗಿ ಹುಟ್ಟುತ್ತದೆ. ಅಲಂಕಾರಶಾಸ್ತ್ರದಲ್ಲಿ ರೂಢಿಲಕ್ಷಣೆಯ ಪಾಠವನ್ನು ಓದಿದ ವಿದ್ಯಾರ್ಥಿಗೆ ಈ ಭೇದ ಹೊಸದಲ್ಲ.

ಮಲೇರಿಯಾ ಎಂಬ ಶಬ್ದವನ್ನು ನೋಡಬಹುದು. ಇಟಲಿಯ ಭಾಷೆಯಲ್ಲಿ ಅದಕ್ಕೆ ಕೆಟ್ಟ ಗಾಳಿ ಎಂದರ್ಥ. ರೋಗ ಗಾಳಿಯಿಂದ ಬರುತ್ತದೆಂಬ ನಂಬಿಕೆಯಲ್ಲಿ ಹುಟ್ಟಿದ ಅನ್ವರ್ಥನಾಮವದು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಆ ರೋಗಾಣುವನ್ನು ಕಂಡ ಮೇಲೆ ಹೆಸರಿನ ಅರ್ಥ ಸುಳ್ಳಾಯಿತು. ಆದರೆ ಕನ್ನಡಿಗರು ಶಬ್ದವನ್ನು ಹಾಗೆಯೇ ತೆಗೆದುಕೊಂಡಿದ್ದರಿಂದ ಸುಳ್ಳು ಗಡಿ ದಾಟಿ ಬರಲಿಲ್ಲ. 'ಕೆಟ್ಟಗಾಳಿ ಜ್ವರ' ಎಂದು ಅನುವಾದಿಸಿಕೊಂಡಿದ್ದರೆ ಸೊಳ್ಳೆಪರದೆ ಕಟ್ಟಿರೆಂದು ಹೇಳಬಂದ ಆರೋಗ್ಯ ಕಾರ್ಯಕರ್ತೆ ಮೊದಲು ಆ ಹೆಸರಿನೊಡನೆಯೇ ಜಗಳವಾಡಬೇಕಾಗುತ್ತಿತ್ತು.

ಇದಕ್ಕೆ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ. ಪರಕೀಯ ಶಬ್ದ ಹಳ್ಳಿಯ ರೋಗಿಗೆ ಬರಿಯ ಸದ್ದು. ಕನ್ನಡದ ಶಬ್ದವಾದರೆ ಅರ್ಥ ಹೊಳೆಯುತ್ತದೆ. ಎರವಲಿಗೆ ಒಗ್ಗಿಕೊಂಡರೆ ಭಾಷೆಯ ಸೃಷ್ಟಿಶಕ್ತಿ ಕುಂದುತ್ತದೆ ಎಂಬುದು ಆ ಆಕ್ಷೇಪ. ಅದರಲ್ಲಿ ಸತ್ಯಾಂಶವಿದೆ. ಆದರೆ ಹೊಳೆದ ಅರ್ಥ ತಪ್ಪಾಗಿದ್ದರೆ ಹೊಳೆಯದಿರುವುದೇ ಲೇಸು. ಎರವಲು ಎಂಬುದೂ ಕನ್ನಡಕ್ಕೆ ಅವಮಾನವಲ್ಲ. ಪರಭಾಷೆಯ ಶಬ್ದಗಳು ಕನ್ನಡದ ಬಾಯಿಗೆ ಒಗ್ಗುವ ಬಗೆಯನ್ನು ವಿವರಿಸುವುದಕ್ಕೆಂದೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವನ್ನು ಇರಿಸಿದನು. ಕಾಗದ, ಅರ್ಜಿ, ದವಾಖಾನೆಗಳು ಬಂದು ಕನ್ನಡದ ವಿಭಕ್ತಿಗಳನ್ನು ತೊಟ್ಟುಕೊಂಡವು. ಗ್ಲಿಯಾವೂ ತೊಟ್ಟುಕೊಳ್ಳುತ್ತದೆ: ಗ್ಲಿಯಾವನ್ನು, ಗ್ಲಿಯಾದಿಂದ, ಗ್ಲಿಯಾಕ್ಕೆ, ಗ್ಲಿಯಾಕೋಶ. ಸೃಷ್ಟಿಶಕ್ತಿಗೆ ಇಲ್ಲಿ ಬೇರೆ ಅವಕಾಶವಿದೆ. ಕುಲದ ಹೆಸರು ಗ್ಲಿಯಾ ಎಂದೇ ಉಳಿಯಲಿ. ಅದರ ಸದಸ್ಯರಿಗೆ, ಕಣ್ಣಿಗೆ ಕಾಣುವ ಆಕಾರವನ್ನು ಅನುಸರಿಸಿ ಕನ್ನಡದ ಹೆಸರು ಕೊಡಬಹುದು. ಆಸ್ಟ್ರೋಸೈಟನ್ನು ತಾರಾಕೋಶ ಎಂದರೆ ಅದು ಸತ್ಯಕ್ಕೆ ಸಮೀಪವಾಗಿಯೇ ಇರುತ್ತದೆ. ಆಕಾರ ಕಂಡದ್ದು, ಕೆಲಸ ಊಹಿಸಿದ್ದು. ಕಂಡದ್ದರ ಮೇಲೆ ಇಟ್ಟ ಹೆಸರು ಊಹೆಯ ಮೇಲೆ ಇಟ್ಟ ಹೆಸರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸೀಮೆಯ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಇನ್ನೂ ಒಂದು ಪಟ್ಟು ಸಂಕೀರ್ಣ. ಅವರ ಕಿವಿಯಲ್ಲಿ ಮರಾಠಿ ಮತ್ತು ಕನ್ನಡ ಎರಡೂ ಇವೆ; ಎರಡೂ ಸಂಸ್ಕೃತದ ಒಂದೇ ಭಂಡಾರದಿಂದ ಶಬ್ದಗಳನ್ನು ತೆಗೆದುಕೊಂಡು ಬೇರೆ ಬೇರೆ ಪದಾರ್ಥಗಳಿಗೆ ಹಚ್ಚಿವೆ. ಮರಾಠಿಯಲ್ಲಿ ಪೇಶಿ ಎಂದರೆ ಜೀವಕೋಶ; ಕನ್ನಡದಲ್ಲಿ ಪೇಶಿ ಎಂದರೆ ಸ್ನಾಯು. ಮರಾಠಿ ಪಠ್ಯದ ಚೇತಾಪೇಶಿಯನ್ನು ಕನ್ನಡದ ಅರ್ಥದಲ್ಲಿ ಓದಿದವನು ನರಕೋಶವನ್ನು ಮಾಂಸಖಂಡವೆಂದು ತಿಳಿದಾನು. ಮರಾಠಿಯ ಮಜ್ಜಾತಂತು ಎಂದರೆ ನರ. ಕನ್ನಡದಲ್ಲಿ ಮಜ್ಜೆ ಎಂದರೆ ಎಲುಬಿನೊಳಗಿನದು. ಸ್ನಾಯು ಕನ್ನಡ ಮರಾಠಿಗಳೆರಡರಲ್ಲಿಯೂ ಮಾಂಸಖಂಡವಾದರೆ, ಹಿಂದಿಯ ಸ್ನಾಯುತಂತ್ರ ನರಮಂಡಲವಾಗಿಬಿಡುತ್ತದೆ. ಕನ್ನಡದ ಆಡುಮಾತಿನಲ್ಲಂತೂ ನರ ಎಂಬ ಒಂದೇ ಶಬ್ದ ನರಕ್ಕೂ ರಕ್ತನಾಳಕ್ಕೂ ಸಲ್ಲುತ್ತದೆ. ವೈದ್ಯರು ಒಂದು ಭಾಷೆಯಲ್ಲಿ ಹೇಳಿ, ನರ್ಸು ಮತ್ತೊಂದರಲ್ಲಿ ವಿವರಿಸಿ, ಮನೆಯವರು ಮೂರನೆಯದರಲ್ಲಿ ಅರ್ಥಮಾಡಿಕೊಳ್ಳುವ ಈ ಪ್ರದೇಶದಲ್ಲಿ ಶಬ್ದದ ಜಾರುವಿಕೆ ಔಷಧಿಯ ಜಾರುವಿಕೆಯೂ ಆಗಬಹುದು.

ಇಂತಹ ಕಡೆ ಐಚ್ಛಿಕ ಕನ್ನಡವನ್ನು ಆರಿಸಿಕೊಂಡವರಿಗೆ ಒಂದು ಕೆಲಸ ಕಾದಿದೆ. ಅವರಲ್ಲಿ ಹಲವರು ಮುಂದೆ ಶಿಕ್ಷಕರಾಗುತ್ತಾರೆ, ಪಠ್ಯಪುಸ್ತಕ ಅನುವಾದಿಸುತ್ತಾರೆ, ಆರೋಗ್ಯ ಇಲಾಖೆಯ ಕರಪತ್ರಗಳನ್ನು ಕನ್ನಡಕ್ಕೆ ತರುತ್ತಾರೆ. ವಿಜ್ಞಾನ ತಮ್ಮ ವಿಷಯವಲ್ಲವೆಂದು ಅವರು ಹಿಂದೆ ಸರಿದರೆ, ಆ ಶಬ್ದಗಳನ್ನು ನಿಘಂಟು ನೋಡಿ ಒಂದಕ್ಕೊಂದು ಅಂಟಿಸುವವರ ಕೈಗೆ ಒಪ್ಪಿಸಿದಂತಾಗುತ್ತದೆ. ಹೊಸ ಪರಿಭಾಷೆಯೊಂದನ್ನು ಒಪ್ಪುವ ಮೊದಲು ಅವರು ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ಹೆಸರು ಹೇಳುವ ಗುಣ ಕಂಡದ್ದೋ, ಊಹಿಸಿದ್ದೋ? ಪಕ್ಕದ ಭಾಷೆಯಲ್ಲಿ ಅಥವಾ ಕನ್ನಡದ ಆಡುಮಾತಿನಲ್ಲಿ ಈ ಶಬ್ದ ಆಗಲೇ ಬೇರೆ ಅರ್ಥವನ್ನು ಹೊತ್ತಿದೆಯೋ? ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಇದನ್ನು ನುಡಿದರೆ ಅವರಿಗೆ ಅರಿವು ಮೂಡುವುದೋ, ಅಂಜಿಕೆ ಮೂಡುವುದೋ? ಮೂರಕ್ಕೂ ಉತ್ತರ ಸಮಾಧಾನಕರವಾಗಿದ್ದರೆ ಕನ್ನಡದ ಹೆಸರನ್ನು ಸಂತೋಷದಿಂದ ಬಳಸಬೇಕು. ಇಲ್ಲವಾದರೆ ಬಂದ ಶಬ್ದವನ್ನೇ ಕನ್ನಡದ ವಿಭಕ್ತಿಗಳೊಡನೆ ಉಳಿಸಿಕೊಳ್ಳಬೇಕು.

ವಿರ್ಖೋನ ಕಾಲದಲ್ಲಿ ಅಂಟಾಗಿದ್ದುದು ಇಂದು ಮೆದುಳಿನ ಅರ್ಧದಷ್ಟು ಕೋಶಗಳ ಹೆಸರು. ಆ ಕೋಶಗಳು ಹೆಸರನ್ನು ಕೇಳಿ ತಮ್ಮ ಕೆಲಸವನ್ನು ನಿಲ್ಲಿಸಲಿಲ್ಲ; ಆದರೆ ಹೆಸರನ್ನು ಕೇಳಿದ ಮನುಷ್ಯರು ಅವುಗಳ ಕಡೆಗೆ ನೋಡುವುದನ್ನು ಬಹುಕಾಲ ನಿಲ್ಲಿಸಿದರು. ಕನ್ನಡದಲ್ಲಿ ವೈದ್ಯವಿಜ್ಞಾನದ ಹೆಸರುಗಳು ಇನ್ನೂ ಪೂರ್ತಿಯಾಗಿ ನೆಲೆಗೊಂಡಿಲ್ಲ. ತಡವಾಗಿ ಹೊರಟ ಭಾಷೆಗೆ ಇರುವ ಒಂದು ಅನುಕೂಲವೆಂದರೆ ಮುಂದೆ ಹೋದವರು ಎಡವಿದ ಕಲ್ಲು ಅದಕ್ಕೆ ಕಾಣುತ್ತದೆ. ಆ ಅನುಕೂಲವನ್ನು ಬಳಸಿಕೊಳ್ಳುವ ಹೊಣೆ ವೈದ್ಯರದು ಎಷ್ಟೋ ಕನ್ನಡವನ್ನು ಓದುವವರದೂ ಅಷ್ಟೇ.